ಪಾಪಾಸುಕಳ್ಳಿಯಲ್ಲಿ ಪಾಪವಿಲ್ಲ



ಕಳೆದ ಆಷಾಢದಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮ ಊರಿಗೆ ಹೋಗಿ, ನನ್ನ ತಮ್ಮನ ಮಗನ ಮನೆಯಲ್ಲಿ ಎರಡು ದಿನ ಉಳಿದಿದ್ದೆ. ಮೊದಲ ದಿನ ರಾತ್ರಿ ಒಂಬತ್ತರ ಸುಮಾರಿಗೆ ಅಂಗಳದ ಕುಂಡದಲ್ಲಿದ್ದ ಬ್ರಹ್ಮಕಮಲದ ಮೊಗ್ಗು ಬಿರಿಯತೊಡಗಿತು. ಸೊಸೆ ದೀಪ ಹಚ್ಚಿ, ಅರಿಶಿನ ಕುಂಕುಮ ಏರಿಸಿ, ಅಕ್ಕಪಕ್ಕದ ಮನೆಯವರನ್ನೆಲ್ಲ ಕರೆದಳು. ಮಳೆಯ ಜಿನುಗಿನಲ್ಲೇ ಹದಿನೈದು ಇಪ್ಪತ್ತು ಜನ ಸೇರಿ, ಆ ಬಿಳಿಯ ಹೂವಿಗೆ ಕೈಮುಗಿದು, ಸಕ್ಕರೆ ಬೆರೆಸಿದ ಹಾಲು ಕುಡಿದು ಹೋದರು. ನಾನೂ ಕೈಮುಗಿದೆ.

ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಮಗ ಹೇಳಿದ: "ದೊಡ್ಡಪ್ಪ, ತೋಟದ ಪಡುವಣ ಬದುವಿನ ಪಾಪಾಸುಕಳ್ಳಿ ಸಾಲನ್ನ ಪೂರಾ ಕೀಳಿಸಿಬಿಡ್ತೀನಿ. ಜೆಸಿಬಿಗೆ ಹೇಳಿದ್ದೀನಿ. ಮನೆ ಆಯಕ್ಕೆ ಪಾಪದ ಗಿಡ ಇರಬಾರದು ಅಂತ ಊರಲ್ಲಿ ಒಬ್ಬರು ಹಿರಿಯರು ಹೇಳಿದ್ರು. ನೀವೇನಂತೀರಿ?"

ನನಗೆ ತಟ್ಟನೆ ನಗು ಬಂತು. ನಕ್ಕದ್ದಕ್ಕೆ ಅವನು ಕೊಂಚ ಬೇಸರಪಟ್ಟುಕೊಂಡ. ರಾತ್ರಿ ದೀಪ ಹಚ್ಚಿ ಪೂಜಿಸಿದ್ದೂ ಕಳ್ಳಿಯ ಕುಲದ ಗಿಡವನ್ನೇ, ಬೆಳಿಗ್ಗೆ ಪಾಪವೆಂದು ಕೀಳಿಸಹೊರಟದ್ದೂ ಅದೇ ಕುಲದ ಗಿಡವನ್ನೇ. ಎರಡೂ ಒಂದೇ ಕುಟುಂಬದ ಸೋದರಿಯರು; ಎರಡರ ತವರೂ ಅಮೆರಿಕ ಖಂಡ. ಒಬ್ಬಳಿಗೆ ಅಂಗಳದ ಕುಂಡ, ಮತ್ತೊಬ್ಬಳಿಗೆ ಬೇಲಿಯ ಬದು. ಈ ಭೇದಕ್ಕೆ ಕಾರಣ ಅವುಗಳ ಗುಣವಲ್ಲ. ನಾವು ಇಟ್ಟ ಹೆಸರು. ಅಂದು ಅವನಿಗೆ ಬಾಯಿಮಾತಿನಲ್ಲಿ ಹೇಳಿದ್ದನ್ನೇ ಇಂದು ವಿಸ್ತಾರವಾಗಿ ಬರೆಯುತ್ತಿದ್ದೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ನನ್ನ ಕೈಯಲ್ಲಿ ವಿಜ್ಞಾನ ಕಲಿತವರು ದಯವಿಟ್ಟು ಕೊನೆಯವರೆಗೆ ಓದಬೇಕು.

ಮೊದಲು ಹೆಸರಿನ ವಿಚಾರವನ್ನು ನೋಡೋಣ. 'ಪಾಪಾಸುಕಳ್ಳಿ' ಎಂಬ ಮಾತಿನಲ್ಲಿ ಪಾಪ ಎಲ್ಲಿಯೂ ಇಲ್ಲ. ಹಿಂದಿನ ತಲೆಮಾರಿನ ಕನ್ನಡದಲ್ಲಿ 'ಪಾಪಾಸು' ಎಂದರೆ ಪಾದರಕ್ಷೆ, ಕಾಲಿನ ಮೆಟ್ಟು. ಪಾರಸಿ ಭಾಷೆಯ 'ಪಾಪೋಶ್' ಎಂಬ ಪದ ಹಾಗೆ ನಮ್ಮ ನಾಲಗೆಗೆ ಒಗ್ಗಿತು. 'ಪಾ' ಎಂದರೆ ಕಾಲು, 'ಪೋಶ್' ಎಂದರೆ ಹೊದಿಕೆ. ಈ ಗಿಡದ ಚಪ್ಪಟೆಯಾದ, ಅಂಡಾಕಾರದ ಹಲಗೆಗಳು ಮೆಟ್ಟಿನ ಅಟ್ಟೆಯಂತೆ ಕಾಣುವುದರಿಂದ ನಮ್ಮ ಹಿರಿಯರು ಆ ಹೆಸರಿಟ್ಟರು. ತಮಿಳರೂ ಇದನ್ನು 'ಚಪ್ಪಾತ್ತುಕ್ಕಳ್ಳಿ' ಎನ್ನುತ್ತಾರೆ. ಅಲ್ಲಿಯೂ 'ಚಪ್ಪಾತ್ತು' ಎಂದರೆ ಪಾದರಕ್ಷೆಯೇ, ಪೋರ್ಚುಗೀಸರಿಂದ ಬಂದ ಮಾತು. ಹಿಂದಿಯವರು ಹಲಗೆಯಲ್ಲಿ ಹಾವಿನ ಹೆಡೆಯನ್ನು ಕಂಡು 'ನಾಗಫಣಿ' ಎಂದರು. ನಾವು ಮೆಟ್ಟು ಧರಿಸುವುದನ್ನು ಬಿಡಲಿಲ್ಲ. ಆದರೆ ಆ ಪದವನ್ನು ಮರೆತೆವು. ಮರೆತ ಪದದ ಜಾಗದಲ್ಲಿ ನಮಗೆ ಗೊತ್ತಿದ್ದ 'ಪಾಪ' ಬಂದು ಕುಳಿತಿತು. ಬಡಪಾಯಿ ಗಿಡಕ್ಕೆ ಅಪವಾದ ಅಂಟಿಕೊಂಡಿತು.

ಇನ್ನು 'ಕಳ್ಳಿ' ಎಂಬ ಮಾತು. ಪಾಠ ಮಾಡುವಾಗ ಈ ಪದ ಬಂದೊಡನೆ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಏಳುತ್ತಿದ್ದುದು ನಿಮಗೆ ನೆನಪಿರಬಹುದು. ಕಳ್ಳನ ಸ್ತ್ರೀಲಿಂಗವಲ್ಲವೇ! ಆ ನಗುವನ್ನು ಗದರಿಸಿ ಅಡಗಿಸುವುದರಲ್ಲಿ ಗಮನವಿದ್ದ ನಾನು, ಪಾಠದಲ್ಲಿಯೇ ಇದ್ದ ದೊಡ್ಡ ತಪ್ಪನ್ನು ಗಮನಿಸದೆ ಹೋದೆ.

ತಪ್ಪು ಇದು. ಒಣನೆಲದ ಸಸ್ಯಗಳ ಪಾಠದಲ್ಲಿ, "ಕಳ್ಳಿಗಳೆಲ್ಲ ಮರುಭೂಮಿಯ ಕ್ಯಾಕ್ಟಸ್ ಜಾತಿಯವು, ಕಾಂಡದಲ್ಲಿ ನೀರು ಕೂಡಿಡುತ್ತವೆ, ಮರುಭೂಮಿಯ ದಾರಿಹೋಕರು ಬಾಯಾರಿದಾಗ ಅದನ್ನು ಕಡಿದು ನೀರು ಕುಡಿಯುತ್ತಾರೆ" ಎಂದು ಹಲವು ವರ್ಷ ಬರೆಸಿದೆ. ಒಮ್ಮೆ ಮಕ್ಕಳನ್ನು ಊರಾಚೆಯ ಕಲ್ಲುಬಾರೆಗೆ ಸಸ್ಯವೀಕ್ಷಣೆಗೆಂದು ಕರೆದುಕೊಂಡು ಹೋಗಿದ್ದೆ. ಬೇಲಿಯಲ್ಲಿ ಬೊಂತೆಗಳ್ಳಿ ಬೆಳೆದಿತ್ತು. ಎಲೆಯಿಲ್ಲದ, ಪೆನ್ಸಿಲಿನಂತಹ ಹಸಿರು ಕಡ್ಡಿಗಳ ಗಿಡ. ಪಾಠವನ್ನು ಶ್ರದ್ಧೆಯಿಂದ ಕೇಳಿದ್ದ ಒಬ್ಬ ಹುಡುಗ ಒಂದು ಕಡ್ಡಿಯನ್ನು ಮುರಿದು, "ನೀರು ಬರ್ತದಾ ನೋಡಾಣ" ಎಂದು ಬಾಯಿಯ ಹತ್ತಿರ ಒಯ್ದ. ಹೆಗ್ಗಡದೇವನಕೋಟೆಯ ಕಡೆಯ ಕಾಡಂಚಿನ ಊರಿನಿಂದ ಬಂದು ನಮ್ಮಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಅವನ ಕೈಗೆ ಪಟಾರನೆ ಹೊಡೆದು ಅದನ್ನು ಬೀಳಿಸಿದಳು. "ಸಾ, ಅದು ಹಾಲಿನ ಕಳ್ಳಿ ಸಾ. ಕಣ್ಣಿಗೆ ಬಿದ್ರೆ ಕಣ್ಣೋಯ್ತದೆ, ಬಾಯಿಗಾದ್ರೆ ಬೊಬ್ಬೆ ಏಳ್ತದೆ. ನೀರಿರದು ಪಾಪಾಸುಕಳ್ಳೀಲಿ. ಅದೇ ಬೇರೆ, ಇದೇ ಬೇರೆ" ಎಂದಳು.

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಬಿ.ಎಡ್. ಮುಗಿಸಿ, ಸೀಮೆಸುಣ್ಣ ಹಿಡಿದು ವರ್ಷಗಳೇ ಆಗಿದ್ದ ನನಗೆ ಗೊತ್ತಿರದಿದ್ದುದು, ದನ ಕಾಯ್ದು ಬೆಳೆದ ಆ ಹುಡುಗಿಗೆ ಗೊತ್ತಿತ್ತು. ಅವಳನ್ನು ಆ ಕ್ಷಣದಲ್ಲಿ ಹೊಗಳಬೇಕಾಗಿತ್ತು. "ಸರಿ ಸರಿ, ಸಾಲಿನಲ್ಲಿ ನಡೆಯಿರಿ" ಎಂದು ಗುರುವಿನ ಗತ್ತನ್ನು ಕಾಪಾಡಿಕೊಂಡೆ. ಇದೇ ನನ್ನ ತಪ್ಪೊಪ್ಪಿಗೆ. ಆಕೆ ಇದನ್ನು ಓದುತ್ತಿದ್ದರೆ, ಅಂದು ಸಲ್ಲಬೇಕಾಗಿದ್ದ ಶಹಬ್ಬಾಸ್ ಇಂದು ಸಲ್ಲಲಿ.

ಈಗ ತಿದ್ದುಪಡಿಯ ಪಾಠ. ನಮ್ಮ ಸೀಮೆಯಲ್ಲಿ 'ಕಳ್ಳಿ' ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಸಸ್ಯಕುಟುಂಬಗಳಿವೆ. ಮೊದಲನೆಯದು ಹಾಲುಗಳ್ಳಿಗಳ ಕುಟುಂಬ, ಯೂಫೋರ್ಬಿಯೇಸೀ. ಹರಳು, ಮರಗೆಣಸು, ರಬ್ಬರ್ ಇವೆಲ್ಲ ಅದೇ ಬಳಗದವು. ಮೂರು ನಾಲ್ಕು ಏಣುಗಳುಳ್ಳ ಕಾಂಡದ ಚದುರಗಳ್ಳಿ ನಮ್ಮ ಈ ನೆಲದ್ದೇ. ಬೊಂತೆಗಳ್ಳಿ ಆಫ್ರಿಕದಿಂದ ಬಹು ಹಿಂದೆಯೇ ಬಂದು ನೆಲೆನಿಂತದ್ದು. ಈ ಬೊಂತೆಗಳ್ಳಿಯ ಶಾಸ್ತ್ರೀಯ ನಾಮಧೇಯ 'ಯೂಫೋರ್ಬಿಯ ತಿರುಕಳ್ಳಿ'. 17ನೆಯ ಶತಮಾನದಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹಾರ್ಟಸ್ ಮಲಬಾರಿಕಸ್' ಎಂಬ ಗ್ರಂಥಮಾಲೆಯಿಂದ ಮಲಯಾಳದ ಹೆಸರನ್ನೆತ್ತಿಕೊಂಡು, 1753ರಲ್ಲಿ ಲಿನೇಯಸ್ ತನ್ನ ಗ್ರಂಥದಲ್ಲಿ ಸೇರಿಸಿದ. ನಮ್ಮ ದ್ರಾವಿಡ 'ಕಳ್ಳಿ' ಜಗತ್ತಿನ ಸಸ್ಯಶಾಸ್ತ್ರದಲ್ಲಿ ನಿಂತಿರುವುದು ಹೀಗೆ. ಅಂದರೆ ಆ ಪದದ ಮೂಲ ಒಡೆತನ ಹಾಲುಗಳ್ಳಿಯದು. ಕ್ಯಾಕ್ಟಸ್ ಆಮೇಲೆ ಬಂದು ಆ ಹೆಸರಿನ ಕೆಳಗೆ ಆಶ್ರಯ ಪಡೆಯಿತು.

ಎರಡನೆಯದು ನಿಜವಾದ ಕ್ಯಾಕ್ಟಸ್ ಕುಟುಂಬ. ಇದರಲ್ಲಿ ಸಾವಿರದ ಏಳುನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಆಫ್ರಿಕ, ಮಡಗಾಸ್ಕರ್, ಶ್ರೀಲಂಕಾಗಳಲ್ಲಿ ಮರಗಳ ಮೇಲೆ ಜೋತಾಡುವ ಒಂದೇ ಒಂದು ಪ್ರಭೇದವನ್ನುಳಿದು, ಮಿಕ್ಕೆಲ್ಲವೂ ಅಮೆರಿಕ ಖಂಡಗಳ ಮೂಲದವು. ಕೊಲಂಬಸನಿಗೆ ಮುಂಚೆ ಹುಣಸೂರಿನ ಯಾವ ಬದುವಿನಲ್ಲಿಯೂ ಪಾಪಾಸುಕಳ್ಳಿ ಇರಲಿಲ್ಲ.

ಇವೆರಡನ್ನೂ ಗುರುತಿಸುವ ಬಗೆ ಸುಲಭ. ಕಡ್ಡಿಯಿಂದ ಗೀರಿದರೆ ಹಾಲಿನಂತಹ ಬಿಳಿಯ ಸೊನೆ ಒಸರಿದರೆ ಅದು ಹಾಲುಗಳ್ಳಿ. ಬಣ್ಣವಿಲ್ಲದ ಲೋಳೆ ಬಂದರೆ ನಮ್ಮ ಕಡೆಯ ಪಾಪಾಸುಕಳ್ಳಿ. ಪರೀಕ್ಷಿಸುವಾಗ ಮುಖವನ್ನು ದೂರವಿಟ್ಟುಕೊಳ್ಳಿ. ಹಾಲುಗಳ್ಳಿಯ ಸೊನೆ ಕಣ್ಣಿಗೆ ನಿಜವಾಗಿಯೂ ಅಪಾಯಕಾರಿ. ಗೀರದೆಯೂ ತಿಳಿಯಬಹುದು. ಕ್ಯಾಕ್ಟಸ್ಸಿನ ಮುಳ್ಳುಗಳು ಎಲ್ಲೆಂದರಲ್ಲಿ ಏಳುವುದಿಲ್ಲ. ಕಾಂಡದ ಮೇಲೆ ಪುಟ್ಟ ದಿಂಬಿನಂತಹ, ಮೆತ್ತನೆಯ ಚುಕ್ಕೆಗಳಿರುತ್ತವೆ; ಇವಕ್ಕೆ ಅರಿಯೋಲ್ ಎನ್ನುತ್ತಾರೆ. ಮುಳ್ಳು, ಹೂವು, ಹೊಸ ಹಲಗೆ, ಎಲ್ಲವೂ ಈ ಚುಕ್ಕೆಗಳಿಂದಲೇ ಹುಟ್ಟುತ್ತವೆ. ಈ ಚುಕ್ಕೆಯಿದ್ದರೆ ಕ್ಯಾಕ್ಟಸ್, ಇಲ್ಲದಿದ್ದರೆ ಅಲ್ಲ. ಬೇರೆ ಬೇರೆ ಖಂಡಗಳಲ್ಲಿ ಹುಟ್ಟಿದ ಈ ಎರಡು ಕುಟುಂಬಗಳು ನೋಟಕ್ಕೆ ಒಂದೇ ರೀತಿ ಇರುವುದೇಕೆಂದರೆ, ಎರಡಕ್ಕೂ ಬಂದ ಕಷ್ಟ ಒಂದೇ: ನೀರಿನ ಬರ. ಒಂದೇ ಬಗೆಯ ಬಡತನ ಉಂಡವರ ಮುಖಗಳಲ್ಲಿ ಹೋಲಿಕೆ ಮೂಡುವಂತೆ, ಇದೂ ಒಂದು.

ಪಾಪಾಸುಕಳ್ಳಿಯ ಮೈಕಟ್ಟನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ನಮ್ಮ ಕಡೆ ಸಾಮಾನ್ಯವಾಗಿ ಕಾಣುವುದು ಒಪನ್ಷಿಯ ಡಿಲ್ಲೆನಿ. ಆಳೆತ್ತರಕ್ಕೆ ಪೊದೆಯಾಗಿ ಬೆಳೆಯುತ್ತದೆ. ನಾವು ಎಲೆಯೆಂದು ತಿಳಿಯುವ ಹಲಗೆ ಎಲೆಯಲ್ಲ, ಕಾಂಡ. ನಿಜವಾದ ಎಲೆ ಎಳೆಯ ಹಲಗೆಯ ಮೇಲೆ ಮೊಳೆಯಷ್ಟು ಚಿಕ್ಕದಾಗಿ ಕಾಣಿಸಿಕೊಂಡು, ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಎಲೆಯಿದ್ದರೆ ನೀರು ಆವಿಯಾಗಿ ಹೋಗುತ್ತದೆ. ಆದ್ದರಿಂದ ಅಡುಗೆ ಮಾಡುವ ಕೆಲಸವನ್ನು ಹಸಿರು ಕಾಂಡವೇ ವಹಿಸಿಕೊಂಡಿದೆ. ಮೈಮೇಲೆ ಮೇಣದ ಲೇಪ, ಒಳಗೆ ಲೋಳೆಯಲ್ಲಿ ಹಿಡಿದಿಟ್ಟ ನೀರು. ಬೇರುಗಳು ಆಳಕ್ಕಿಳಿಯದೆ ಅಗಲಕ್ಕೆ ಹರಡಿ, ಒಂದು ಹದ ಮಳೆ ಬಿದ್ದರೂ ಮೇಲ್ಮಣ್ಣಿನ ತೇವವನ್ನು ಹೀರಿಕೊಳ್ಳುತ್ತವೆ. ನಮ್ಮದು ಮರುಭೂಮಿಯಲ್ಲ, ಕೊಡಗಿನ ಗಡಿಗೆ ತಾಗಿದ ಪಿರಿಯಾಪಟ್ಟಣದಲ್ಲಿ ಒಳ್ಳೆಯ ಮಳೆಯೇ ಬೀಳುತ್ತದೆ, ಪೂರ್ವಕ್ಕೆ ಹೋದಂತೆ ಕಡಮೆಯಾಗುತ್ತದೆ. ಹಾಗಾದರೆ ಮರುಭೂಮಿಯ ಗಿಡ ಇಲ್ಲೇಕೆ? ಮಳೆಯ ನೀರು ನಿಲ್ಲದೆ ಜಾರಿಹೋಗುವ ಕಲ್ಲುಬಾರೆ, ಬದುವಿನ ನೆತ್ತಿ, ಹಾಳುಕೋಟೆಯ ಗೋಡೆ, ಇವೆಲ್ಲ ನಮ್ಮ ನಡುವಿನ ಪುಟ್ಟ ಪುಟ್ಟ ಮರುಭೂಮಿಗಳೇ ಅಲ್ಲವೇ?

ಇದರ ಉಸಿರಾಟದ ಪರಿಯಂತೂ ಅಚ್ಚರಿಯದು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಪತ್ರರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಪಾಪಾಸುಕಳ್ಳಿ ಬಿಸಿಲಿನಲ್ಲಿ ಬಾಗಿಲು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆಯುತ್ತದೆ. ಒಳಗೆ ಬಂದ ಅನಿಲವನ್ನು ಮ್ಯಾಲಿಕ್ ಆಮ್ಲದ ರೂಪದಲ್ಲಿ ಬೆಳಗಿನವರೆಗೆ ಕೂಡಿಟ್ಟು, ಹಗಲು ಬಿಸಿಲು ಬಂದಾಗ ಅಡುಗೆಗೆ ಬಳಸುತ್ತದೆ. ಹಾಗಾಗಿ ಹಲಗೆ ಬೆಳಿಗ್ಗೆ ಹೆಚ್ಚು ಹುಳಿ, ಸಂಜೆಗೆ ಕಡಮೆ. ಇನ್ನು ದಾರಿಹೋಕರು ಕಳ್ಳಿಯ ನೀರು ಕುಡಿಯುತ್ತಾರೆಂದು ನಾನು ಬರೆಸಿದ್ದನ್ನೂ ಹೊಡೆದುಹಾಕಿ. ಒಳಗಿರುವುದು ತಿಳಿನೀರಲ್ಲ, ಹುಳಿಯಾದ ಲೋಳೆ. ಅನೇಕ ಕ್ಯಾಕ್ಟಸ್ಸುಗಳ ರಸ ಕುಡಿದರೆ ವಾಂತಿಭೇದಿಯಾಗಿ, ಮೈಯ ನೀರೂ ಹೋದೀತು.

ಮುಳ್ಳುಗಳಲ್ಲಿ ಎರಡು ಬಗೆ. ಕಣ್ಣಿಗೆ ಕಾಣುವ ಉದ್ದನೆಯ ಹಳದಿ ಮುಳ್ಳಿಗಿಂತ, ಚುಕ್ಕೆಯ ಬುಡದಲ್ಲಿ ಗೊಂಚಲಾಗಿರುವ ಕೂದಲಿನಂತಹ ಸಣ್ಣ ಮುಳ್ಳುಗಳೇ ಹೆಚ್ಚು ಕಾಡುವುವು. ಅವಕ್ಕೆ ಹಿಮ್ಮೊಗದ ಕೊಕ್ಕೆಗಳಿದ್ದು, ಬೆರಳಿಗೆ ಚುಚ್ಚಿದರೆ ಕೀಳಲು ಬರುವುದಿಲ್ಲ. ಹಣ್ಣಿನಾಸೆಗೆ ಹೋಗಿ, ತುಟಿಗೆಲ್ಲ ಚುಚ್ಚಿಸಿಕೊಂಡು ಬೈಸಿಕೊಂಡವರು ನಿಮ್ಮಲ್ಲಿ ಹಲವರಿದ್ದೀರಿ, ನಾನೂ ಒಬ್ಬ. ಹಣ್ಣನ್ನು ಕಡ್ಡಿಗೆ ಸಿಕ್ಕಿಸಿ, ಒರಟು ಕಲ್ಲಿನ ಮೇಲೆ ಚೆನ್ನಾಗಿ ಉಜ್ಜಿ, ಸಿಪ್ಪೆ ತೆಗೆದು ತಿಂದರೆ ಬಾಯೆಲ್ಲ ಕಡುಗೆಂಪು. ಆ ಕೆಂಪು ಬೀಟ್ರೂಟಿನಲ್ಲಿ, ಕೆಂಪು ದಂಟಿನ ಸೊಪ್ಪಿನಲ್ಲಿ ಇರುವ ಬಣ್ಣದ ವರ್ಗಕ್ಕೇ ಸೇರಿದ್ದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ದಂಟಿನ ಸೊಪ್ಪಿಗೂ ಪಾಪಾಸುಕಳ್ಳಿಗೂ ದೂರದ ನೆಂಟಸ್ತಿಕೆಯಿದೆ ಎಂದರೆ ನಂಬುತ್ತೀರಾ?

ಹೂವಿನ ಮಾತನ್ನು ಹೇಳದಿದ್ದರೆ ಈ ಗಿಡಕ್ಕೆ ಅನ್ಯಾಯ. ಹಲಗೆಯ ಅಂಚಿನಲ್ಲಿ ಸಾಲಾಗಿ, ನಿಂಬೆಹಳದಿಯ, ರೇಷ್ಮೆಯಂತಹ ದಳಗಳ, ಬಟ್ಟಲಿನಾಕಾರದ ಹೂವು. ಬೆಳಿಗ್ಗೆ ಅರಳಿ, ಬಾಡುವಾಗ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ನಡುವೆ ನೂರಾರು ಕೇಸರಗಳು. ಅವನ್ನು ಕಡ್ಡಿಯಿಂದ ಮೆಲ್ಲನೆ ಮುಟ್ಟಿ ನೋಡಿ. ನಾಚಿದಂತೆ ಒಳಮುಖವಾಗಿ ಬಾಗುತ್ತವೆ. ಜೇನುಹುಳು ಒಳಹೊಕ್ಕಾಗಲೂ ಹೀಗೆಯೇ ಬಾಗಿ, ಅದರ ಮೈಗೆ ಪರಾಗ ಬಳಿಯುತ್ತವೆ. ಮುಟ್ಟಿದರೆ ಮುನಿಯ ಸೊಪ್ಪನ್ನು ಮಕ್ಕಳಿಗೆ ತೋರಿಸುವ ನಾವು, ಬೇಲಿಯ ಮೇಲಿನ ಈ ಕೌತುಕವನ್ನು ಎಂದೂ ತೋರಿಸಲಿಲ್ಲ. ಪಠ್ಯಪುಸ್ತಕದಲ್ಲಿ ಇದು 'ಮರುಭೂಮಿಯ ಸಸ್ಯ' ಎಂದು ಬರೆದಿತ್ತು, ಮರುಭೂಮಿ ರಾಜಸ್ಥಾನದಲ್ಲಿತ್ತು, ಗಿಡ ಮಾತ್ರ ಶಾಲೆಯ ಬೇಲಿಯಲ್ಲಿತ್ತು!

ಇನ್ನು ಅಂಗಳದ ಬ್ರಹ್ಮಕಮಲ. ಅದು ಎಪಿಫಿಲಮ್ ಆಕ್ಸಿಪೆಟಾಲಮ್, ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರಗಳ ಮೇಲೆ ಬೆಳೆಯುವ ಕ್ಯಾಕ್ಟಸ್. ಅದರ 'ಎಲೆ'ಯೂ ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅಂಚಿನ ಕಚ್ಚುಗಳಲ್ಲಿರುವ ಚುಕ್ಕೆಯಿಂದಲೇ ಹೂವು ಹೊರಡುತ್ತದೆ. ಒಂದೇ ರಾತ್ರಿಯ ಬಾಳು, ನಿಶಾಚರಿ ಪತಂಗಗಳನ್ನು ಕರೆಯಲೆಂದು ಅಷ್ಟು ಬಿಳುಪು, ಅಷ್ಟು ಪರಿಮಳ. ನಿಜವಾದ ಬ್ರಹ್ಮಕಮಲವಾದರೋ ಹಿಮಾಲಯದ ಎತ್ತರದಲ್ಲಿ ಬೆಳೆಯುವ ಸಾಸ್ಯೂರಿಯ ಎಂಬ, ಸೂರ್ಯಕಾಂತಿಯ ಕುಟುಂಬದ ಸಸ್ಯ, ಉತ್ತರಾಖಂಡದ ರಾಜ್ಯಪುಷ್ಪ. ನಮ್ಮ ಕುಂಡದಲ್ಲಿರುವುದು ಅದಲ್ಲ. ಹಾಗೆಂದು ಸೊಸೆಯ ಪೂಜೆಯನ್ನು ನಾನು ಹಳಿಯುತ್ತಿಲ್ಲ. ಚೆಲುವಾದದ್ದಕ್ಕೆ ಕೈಮುಗಿಯುವುದು ಒಳ್ಳೆಯ ಸಂಸ್ಕಾರ. ಮಾರುಕಟ್ಟೆಯಲ್ಲಿ ದುಬಾರಿ ಬೆಲೆಗೆ ಕೊಳ್ಳುವ ಡ್ರ್ಯಾಗನ್ ಹಣ್ಣು ಕೂಡ ಕ್ಯಾಕ್ಟಸ್ಸಿನದೇ; 2021ರಲ್ಲಿ ಗುಜರಾತ್ ಸರ್ಕಾರ ಅದಕ್ಕೆ 'ಕಮಲಂ' ಎಂಬ ಹೆಸರಿಟ್ಟಿತು. ಕಮಲವೆಂದರೆ ಗೌರವ, ಕಳ್ಳಿಯೆಂದರೆ ತಾತ್ಸಾರ. ಹೆಸರಿನ ಮಹಿಮೆ ಎಷ್ಟೆಂದು ನೋಡಿ.

"ಆದರೆ ದೊಡ್ಡಪ್ಪ, ಪರದೇಶದ ಗಿಡ ಅಂದಮೇಲೆ ಕೀಳೋದೇ ಸರಿ ಅಲ್ವಾ?" ಎಂದು ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಅವನು ನಿಂತು ಈ ಮಾತು ಕೇಳಿದ್ದು ಹೊಗೆಸೊಪ್ಪಿನ ಬ್ಯಾರನ್ ಮುಂದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳ ಎಷ್ಟೋ ಮನೆಗಳ ಮದುವೆ ಮುಂಜಿ, ಓದು ಬರಹಗಳನ್ನು ನಡೆಸಿದ ಹೊಗೆಸೊಪ್ಪು ಅಮೆರಿಕದ್ದು. ಮುಸುಕಿನ ಜೋಳ, ಮೆಣಸಿನಕಾಯಿ, ಕಡಲೆಕಾಯಿ, ಆಲೂಗಡ್ಡೆ, ಟೊಮ್ಯಾಟೊ, ಸೀಬೆ, ಎಲ್ಲವೂ ಅಲ್ಲಿಯವೇ. ಡಾ. ಬಿ.ಜಿ.ಎಲ್. ಸ್ವಾಮಿಯವರು ಈ ಸಂಗತಿಗೇ ಮೀಸಲಾದ ತಮ್ಮ ಪುಸ್ತಕಕ್ಕೆ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂದು ಹೆಸರಿಟ್ಟರು. ಪರದೇಶದ್ದೆಂಬುದೊಂದೇ ಅಪರಾಧವಾದರೆ ನಮ್ಮ ಸಾರಿಗೆ ಒಗ್ಗರಣೆಯ ಮೆಣಸಿನಕಾಯಿಯೂ ಇರುವುದಿಲ್ಲ. ಆದರೆ ನಾಗರಹೊಳೆಯ ಕಾಡನ್ನು ನುಂಗುತ್ತಿರುವ ಲಂಟಾನವೂ ಅಮೆರಿಕದ್ದೇ. ಆದ್ದರಿಂದ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಬಂದು ಏನು ಮಾಡುತ್ತಿದೆ ಎಂದು ಕೇಳುವುದು ವಿವೇಕ.

ಪಾಪಾಸುಕಳ್ಳಿಯ ಬಳಗ ನಮ್ಮ ದೇಶದಲ್ಲಿ ಹಬ್ಬಿದ ಕಥೆಯಲ್ಲಿ ಒಂದು ಕೆಂಪು ಬಣ್ಣದ ಆಸೆಯಿದೆ. ಈ ಗಿಡದ ಮೇಲೆ ಬೆಳ್ಳಗೆ ಹತ್ತಿಯಂತೆ ಅಂಟಿಕೊಂಡಿರುವ ಹುಳುವನ್ನು ಹಿಸುಕಿದರೆ ರಕ್ತದಂತಹ ಬಣ್ಣ ಬರುತ್ತದೆ. ಹುಡುಗರಾಗಿ ನಾವೆಲ್ಲ ಹಿಸುಕಿ ಆಡಿದ್ದೇವೆ. ಅದು ಕಾಚಿನೀಲ್ ಹುಳುವಿನ ಬಳಗ. ಮೆಕ್ಸಿಕೊದ ಕಾಚಿನೀಲ್ ಬಣ್ಣದ ವ್ಯಾಪಾರದಿಂದ ಸ್ಪೇನ್ ಅಪಾರ ಹಣ ಗಳಿಸುತ್ತಿತ್ತು. ಆ ಲಾಭದಲ್ಲಿ ಪಾಲು ಬೇಕೆಂದು ಈಸ್ಟ್ ಇಂಡಿಯಾ ಕಂಪನಿ ಹವಣಿಸಿತು. 1780ರ ದಶಕದ ಕೊನೆಯಲ್ಲಿ ಮದ್ರಾಸಿನ ವೈದ್ಯ ಜೇಮ್ಸ್ ಆ್ಯಂಡರ್ಸನ್ ಸೈದಾಪೇಟೆಯಲ್ಲಿ ಕಳ್ಳಿಯ ತೋಟವನ್ನೇ ಮಾಡಿಸಿದ. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬಾತ ಬ್ರೆಜಿಲ್ಲಿನಿಂದ ಹುಳುಗಳನ್ನು ಕಲ್ಕತ್ತೆಗೆ ತಂದ. ತಂದದ್ದು ಒಳ್ಳೆಯ ಬಣ್ಣದ ಜಾತಿಯಲ್ಲ, ಕೀಳು ಜಾತಿಯ ಹುಳು! ಅಲ್ಲಿಯೂ ಗುರುತಿಸುವುದರಲ್ಲಿ ಎಡವಟ್ಟು. ಬಣ್ಣದ ವ್ಯಾಪಾರ ಕೈಗೂಡಲಿಲ್ಲ. ಆದರೆ ಆ ಹುಳು ಒಂದು ಜಾತಿಯ ಕಳ್ಳಿಯನ್ನು ತಿಂದು ಮುಗಿಸುತ್ತದೆಂದು ತಿಳಿದು, 1830ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬೇಕೆಂದೇ ತಂದು ಬಿಟ್ಟರು. ಕಳೆಯನ್ನು ಕೀಟದಿಂದ ನಿಗ್ರಹಿಸಿದ ಮೊದಮೊದಲ ಪ್ರಯೋಗಗಳಲ್ಲಿ ಇದನ್ನು ಎಣಿಸುತ್ತಾರೆ. ಆದರೆ ನಮ್ಮ ಡಿಲ್ಲೆನಿ ಅದಕ್ಕೆ ಜಗ್ಗಲಿಲ್ಲ, ಹಬ್ಬುತ್ತಲೇ ಹೋಯಿತು. 1926ರಲ್ಲಿ ಶ್ರೀಲಂಕಾದಿಂದ ಡ್ಯಾಕ್ಟಿಲೋಪಿಯಸ್ ಒಪನ್ಷಿಯೆ ಎಂಬ ಇನ್ನೊಂದು ಜಾತಿಯ ಹುಳುವನ್ನು ತರಿಸಿದ ಮೇಲೆ, ಕೆಲವೇ ವರ್ಷಗಳಲ್ಲಿ ದಕ್ಷಿಣದ ಕಳ್ಳಿಗಾಡುಗಳು ಕರಗಿದವು. ಇಂದು ನಾವು ನೋಡುವ ಬೇಲಿಗಳು ಆ ಹುಳುವಿನೊಡನೆ ಹೋರಾಡುತ್ತ ಉಳಿದವು.

ಅತ್ತ ಆಸ್ಟ್ರೇಲಿಯದಲ್ಲಿ ಇದೇ ಬಳಗದ ಕಳ್ಳಿ 1920ರ ದಶಕದ ಹೊತ್ತಿಗೆ ಸುಮಾರು ಎರಡೂವರೆ ಕೋಟಿ ಹೆಕ್ಟೇರು ನೆಲವನ್ನು ಆವರಿಸಿ, ರೈತರು ಜಮೀನು ಬಿಟ್ಟು ಓಡುವಂತೆ ಮಾಡಿತ್ತು. ಅರ್ಜೆಂಟೀನದ ಒಂದು ಪತಂಗದ ಮರಿಹುಳುಗಳು ಅದನ್ನು ತಿಂದು ನೆಲ ಬಿಡಿಸಿದವು. ಕೃತಜ್ಞತೆಯಿಂದ ಅಲ್ಲಿನ ಬೂನಾರ್ಗ ಎಂಬ ಊರಿನವರು 1936ರಲ್ಲಿ ಆ ಹುಳುವಿನ ಹೆಸರಿನಲ್ಲಿ ಒಂದು ಸಭಾಭವನವನ್ನೇ ಕಟ್ಟಿದರು. ಇತ್ತ ಮೆಕ್ಸಿಕೊದವರಿಗೆ ಇದೇ ಗಿಡ ತರಕಾರಿ, ಹಣ್ಣು, ಮೇವು. ಅವರ ರಾಷ್ಟ್ರಧ್ವಜದ ನಡುವೆ ಹದ್ದು ಕುಳಿತಿರುವುದು ಈ ಕಳ್ಳಿಯ ಮೇಲೆ. ಒಂದೆಡೆ ಧ್ವಜಕ್ಕೇರಿದ ಗಿಡ, ಇನ್ನೊಂದೆಡೆ ಪಿಡುಗು. ಗಿಡದ ಗುಣ ಒಂದೇ; ಬದಲಾದದ್ದು ಜಾಗ ಮತ್ತು ಮನುಷ್ಯನ ಎಚ್ಚರ.

ಇಷ್ಟನ್ನು ಹೇಳಿದ ಮೇಲೆ ನನ್ನ ಅಭಿಮತವನ್ನು ಸ್ಪಷ್ಟವಾಗಿ ಹೇಳಬೇಕು. ಬದುವಿನ ಮೇಲೆ ಈಗಾಗಲೇ ಇರುವ ಬೇಲಿಯನ್ನು 'ಪಾಪ'ದ ಹೆಸರಿನಲ್ಲಿ ಕೀಳಿಸಬಾರದು. ಅದಕ್ಕೆ ಮೊದಲನೆಯ ಕಾರಣ ಗಿಡದ ಮೈಯಲ್ಲಿಯೇ ಇದೆ. ಪಾಪಾಸುಕಳ್ಳಿಯ ತುಂಡಾದ ಪ್ರತಿಯೊಂದು ಹಲಗೆಯೂ ನೆಲಕ್ಕೆ ತಾಗಿದರೆ ಚುಕ್ಕೆಗಳಿಂದ ಬೇರು ಬಿಡುತ್ತದೆ. ಬಿದ್ದ ಹಣ್ಣು ಕೂಡ ಬೇರು ಬಿಡಬಲ್ಲುದು. ಜೆಸಿಬಿಯ ಹಲ್ಲಿಗೆ ಸಿಕ್ಕಿ ಚೂರಾದ ಬೇಲಿಯನ್ನು ಟ್ರ್ಯಾಕ್ಟರಿನಲ್ಲಿ ತುಂಬಿ ಕೆರೆಯ ಏರಿಗೋ ನಾಲೆಯ ಪಕ್ಕಕ್ಕೋ ಸುರಿದರೆ, ಒಂದು ಬೇಲಿ ಹತ್ತು ಬೇಲಿಯಾಗುತ್ತದೆ. ಕೆ.ಆರ್. ನಗರದ ನಾಲೆಗಳಲ್ಲಿ ತೇಲಿದ ಹಲಗೆ ಯಾರ ಗದ್ದೆಯ ಬದುವಿಗೆ ತಾಗುತ್ತದೋ ಹೇಳಬಲ್ಲವರಾರು? ಎರಡನೆಯದಾಗಿ, ಆ ಬೇಲಿ ದನಕರುಗಳನ್ನು ತಡೆದಿದೆ, ಬದುವಿನ ಮಣ್ಣನ್ನು ಹಿಡಿದಿದೆ, ಬೇಸಿಗೆಯಲ್ಲಿ ಜೇನಿಗೆ ಪರಾಗ ಕೊಟ್ಟಿದೆ. ಓತಿಕೇತ, ಮುಂಗುಸಿ, ಗೌಜಲಹಕ್ಕಿಗಳಿಗೆ ಮನೆಯಾಗಿದೆ. ತಂತಿಬೇಲಿಯಲ್ಲಿ ಇವಾವುವೂ ಬದುಕವು.

ಕೀಳಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಸಣ್ಣ ಮುಳ್ಳು ಮಕ್ಕಳ ಕೈಗೂ ದನಗಳ ಬಾಯಿಗೂ ಹಿಂಸೆ. ಪೊದೆಯಲ್ಲಿ ಇಲಿ ಸೇರುತ್ತವೆ, ಇಲಿಯ ಹಿಂದೆ ಹಾವು ಬರುತ್ತದೆ. ಸುಮ್ಮನೆ ಬಿಟ್ಟರೆ ವರ್ಷಕ್ಕಿಷ್ಟು ನೆಲವನ್ನು ನುಂಗುತ್ತದೆ. ಹಾಗಾಗಿ ಮನೆಯ ಬಾಗಿಲ ಬಳಿ, ಮಕ್ಕಳು ಆಡುವಲ್ಲಿ ಇದು ಬೇಡ, ಅಲ್ಲಿ ತೆಗೆಯಿರಿ. ದೂರದ ಬದುವಿನಲ್ಲಿ ಇರಲಿ, ಆದರೆ ವರ್ಷಕ್ಕೊಮ್ಮೆ ಎರಡೂ ಬದಿ ಕತ್ತರಿಸಿ. ಕತ್ತರಿಸಿದ್ದನ್ನು ಎಸೆಯದೆ, ಆಳವಾದ ಗುಂಡಿ ತೋಡಿ ಹೂಳಿ. ಎಚ್.ಡಿ. ಕೋಟೆ, ಸರಗೂರು, ಹುಣಸೂರಿನ ಕಾಡಂಚಿನಲ್ಲಿ ಜಮೀನಿರುವವರು ಹೊಸದಾಗಿ ಇದನ್ನು ನೆಡಲೇಬೇಡಿ. ಹಣ್ಣು ತಿಂದ ಹಕ್ಕಿ, ಮಂಗಗಳು ಬೀಜವನ್ನು ಕಾಡಿಗೊಯ್ಯುತ್ತವೆ. ಲಂಟಾನದ ಹೊರೆಯೇ ಆ ಕಾಡಿಗೆ ಸಾಕಾಗಿದೆ.

ಇನ್ನೊಂದು ಹೊಸ ಸಂಗತಿಯೂ ಇದೆ. 2022ರಲ್ಲಿ ಕೇಂದ್ರ ಸರ್ಕಾರದ ಭೂಸಂಪನ್ಮೂಲ ಇಲಾಖೆ ಬಂಜರು ನೆಲದಲ್ಲಿ ಕಳ್ಳಿ ಬೆಳೆಸುವ ಯೋಜನೆಗೆ ಒತ್ತು ಕೊಟ್ಟಿತು. ಇದಕ್ಕೆ ಸೂಚಿಸಿರುವುದು ಮುಳ್ಳಿಲ್ಲದ ಒಪನ್ಷಿಯ, ನಮ್ಮ ಬೇಲಿಯದಲ್ಲ. ಬರದ ನಾಡಿನಲ್ಲಿ ಅದು ದನಗಳಿಗೆ ಮೇವೂ ಹೌದು, ನೀರೂ ಹೌದು. ಹಲಗೆಯ ತೂಕದಲ್ಲಿ ಹೆಚ್ಚುಕಡಮೆ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಸಸಾರಜನಕ ಕಡಮೆ ಇರುವುದರಿಂದ ಒಣಹುಲ್ಲು, ಹಿಂಡಿಗಳೊಡನೆ ಕೊಡಬೇಕು. ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಮುಳ್ಳು ಮರಳಿ ಬರಬಹುದಾದ್ದರಿಂದ ಹಲಗೆಯಿಂದಲೇ ನೆಡಬೇಕು. ರಾಜಸ್ಥಾನಕ್ಕೆ ಒಪ್ಪುವುದನ್ನು ನಾಲೆಯ ನೀರಿರುವ ನೆಲದಲ್ಲಿ ನೆಡುವ ಅವಸರ ನಮಗಿಲ್ಲ. ಯಾರಾದರೂ 'ಕಳ್ಳಿ ನೆಟ್ಟರೆ ಹಣ' ಎಂದು ಬಂದರೆ, ಯಾವ ಕಳ್ಳಿ ಎಂದು ಮೊದಲು ಕೇಳಿ. ಪಾಪವೆಂದು ಕೀಳುವುದೂ, ಹಣವೆಂದು ನೆಡುವುದೂ ಹೆಸರನ್ನು ನಂಬಿ ಮಾಡುವ ಕೆಲಸವೇ. ಎರಡಕ್ಕೂ ಮುಂಚೆ ಗಿಡದ ಮುಂದೆ ಒಂದು ಗಳಿಗೆ ನಿಂತು ನೋಡಬೇಕು.

ಅಂದು ಮಧ್ಯಾಹ್ನ ಮಗನೂ ಸೊಸೆಯೂ ನನ್ನೊಡನೆ ಬದುವಿನವರೆಗೆ ಬಂದರು. ಕುಂಡದ ಬ್ರಹ್ಮಕಮಲದ ಅಂಚಿನಲ್ಲಿದ್ದ ಚುಕ್ಕೆಯನ್ನೂ, ಬೇಲಿಯ ಹಲಗೆಯ ಮೇಲಿನ ಚುಕ್ಕೆಯನ್ನೂ ತೋರಿಸಿದೆ. ಸೊಸೆ ಬಗ್ಗಿ ನೋಡಿ, "ಹಾಗಾದ್ರೆ ಇವೆರಡೂ ಅಕ್ಕತಂಗಿಯರು ಅನ್ನಿ ಮಾವ" ಎಂದಳು. ಮಗ ಜೆಸಿಬಿಯವನಿಗೆ ಫೋನ್ ಮಾಡಿ ಬೇಡವೆಂದ. ಕೊಟ್ಟಿಗೆಯ ಹತ್ತಿರದ ಹತ್ತು ಹನ್ನೆರಡು ಮಾರು ಮಾತ್ರ ಆಳು ಇಟ್ಟು ಕಡಿಸಿ, ಗುಂಡಿಗೆ ಹಾಕಿಸಿದನಂತೆ. ಮಿಕ್ಕದ್ದು ಹಾಗೆಯೇ ಇದೆ.

ಶಿಷ್ಯರಲ್ಲಿ ಒಂದು ವಿನಂತ಼ಿಯಿದೆ. ನಿಮ್ಮ ಹಳೆಯ ನೋಟ್ ಪುಸ್ತಕ ಅಟ್ಟದ ಮೇಲೆ ಇನ್ನೂ ಉಳಿದಿದ್ದರೆ, "ಕಳ್ಳಿಗಳೆಲ್ಲ ಕ್ಯಾಕ್ಟಸ್ ಜಾತಿಯವು" ಎಂಬ ಸಾಲನ್ನು ಹೊಡೆದುಹಾಕಿ, "ಹಾಲು ಬಂದರೆ ಹಾಲುಗಳ್ಳಿ, ಚುಕ್ಕೆಯಿದ್ದರೆ ಕ್ಯಾಕ್ಟಸ್" ಎಂದು ಬರೆದುಕೊಳ್ಳಿ. ಪುಸ್ತಕ ಇಲ್ಲದವರು ನಿಮ್ಮ ಮಕ್ಕಳನ್ನು ಊರಿಗೆ ಕರೆತಂದಾಗ ಬೇಲಿಯ ಬಳಿ ನಿಲ್ಲಿಸಿ ತೋರಿಸಿ. ಮುಳ್ಳಿಗೆ ಮಾತ್ರ ಹುಷಾರು. ನಾನು ತಪ್ಪಾಗಿ ಹೇಳಿಕೊಟ್ಟದ್ದು ನಿಮ್ಮ ಮಕ್ಕಳವರೆಗೆ ಹೋಗದಿದ್ದರೆ ನನಗಷ್ಟೇ ಸಮಾಧಾನ.

ಎಲ್ಲರಿಗೂ ಶುಭವಾಗಲಿ.